ಫ್ಲೂಯಿಡೂ ಇಷ್ಟ, ಸಾಲಿಡೂ ಇಷ್ಟ. ಜಿ. ಐ. ಟೇಲರ್ ಎರಡನ್ನೂ ಹೇಗೆ ನಿಭಾಯಿಸಿದರು?

ಸುಳಿಗಾಳಿ:

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಮ್ಯಾಥ್ಸ್ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ, ಪಿಎಚ್.ಡಿ.ಗೆ ಅರ್ಜಿ ಹಾಕುವ ಗಡಿಬಿಡಿ. ಯಾರ ಹತ್ತಿರ ಹೋದರೂ ಮೊದಲು ಕೇಳುವುದು ಒಂದೇ, ಫ್ಲೂಯಿಡ್ ಮೆಕ್ಯಾನಿಕ್ಸಾ (ನೀರು, ಗಾಳಿ ಹರಿಯುವ ಲೆಕ್ಕ), ಸಾಲಿಡ್ ಮೆಕ್ಯಾನಿಕ್ಸಾ (ಗಟ್ಟಿ ವಸ್ತು ಬಾಗುವ, ಮುರಿಯುವ ಲೆಕ್ಕ)? ಎರಡೂ ಇಷ್ಟ ಅಂದರೆ ನಗುತ್ತಾರೆ. ಒಬ್ಬರಂತೂ ಎರಡು ದೋಣಿಯ ಮೇಲೆ ಕಾಲಿಡಬೇಡ ಅಂತ ಬುದ್ಧಿ ಹೇಳಿ ಕಳಿಸಿದರು.

ಇದರ ಮಧ್ಯೆ ಒಂದು ಹೆಸರು ಬೆನ್ನು ಬಿಡುತ್ತಿಲ್ಲ. ಟರ್ಬುಲೆನ್ಸ್ (ಅಂಕೆಯಿಲ್ಲದ ಸುಳಿಸುಳಿ ಹರಿವು) ಓದಿದರೆ ಟೇಲರ್ ಮೈಕ್ರೋಸ್ಕೇಲ್. ಸ್ಟೆಬಿಲಿಟಿ (ಹರಿವು ಯಾವಾಗ ಕೆಡುತ್ತದೆ ಅನ್ನುವುದು) ಓದಿದರೆ ಟೇಲರ್-ಕುವೆಟ್, ರೇಲಿ-ಟೇಲರ್. ಮೆಟಲರ್ಜಿ ಓದುವ ಗೆಳತಿಯ ಪುಸ್ತಕ ತೆರೆದರೆ ಅಲ್ಲೂ ಟೇಲರ್ ಫ್ಯಾಕ್ಟರ್, ಡಿಸ್‌ಲೊಕೇಶನ್. ಎಲ್ಲಾ ಒಬ್ಬರೇ, ಇಂಗ್ಲೆಂಡಿನ ವಿಜ್ಞಾನಿ ಜೆಫ್ರಿ ಇನ್‌ಗ್ರಾಮ್ ಟೇಲರ್. (ಟೇಲರ್ ಸೀರೀಸ್‌ನವರು ಮಾತ್ರ ಬೇರೆ, ಆ ಬ್ರೂಕ್ ಟೇಲರ್ ಇವರಿಗಿಂತ 200 ವರ್ಷ ಹಿಂದಿನವರು.)

ಈ ಮನುಷ್ಯನನ್ನು ಗಣಿತಜ್ಞ ಅನ್ನಬೇಕಾ, ಭೌತಶಾಸ್ತ್ರಜ್ಞ ಅನ್ನಬೇಕಾ, ಎಂಜಿನಿಯರ್ ಅನ್ನಬೇಕಾ? ಒಂದು ಜೀವನದಲ್ಲಿ ನೀರು, ಗಾಳಿ, ಲೋಹ ಎಲ್ಲದಕ್ಕೂ ಹೇಗೆ ಕೈಹಾಕಿದರು? ಪತ್ರಿಕೆಯಲ್ಲಿ ಬಂದ ಫೋಟೋ ನೋಡಿ ಅಣುಬಾಂಬಿನ ಶಕ್ತಿ ಲೆಕ್ಕ ಹಾಕಿ ಅಮೆರಿಕದವರ ಗುಟ್ಟು ಬಯಲು ಮಾಡಿದರು ಅನ್ನುವ ಕತೆ ಎಷ್ಟು ನಿಜ? ಗೊತ್ತಿದ್ದವರು ಹೇಳಿ, ಉದ್ದ ಆದರೂ ಪರವಾಗಿಲ್ಲ.

ಹಳೇಮೇಷ್ಟ್ರು:

ಸುಳಿಗಾಳಿಯವರೇ, ಮೊದಲನೇ ಪ್ರಶ್ನೆ ಬೇಗ ಮುಗಿಸೋಣ. ಅವರು ಓದಿದ್ದು ಗಣಿತ, ಕೂತು ಕೆಲಸ ಮಾಡಿದ್ದು ಫಿಸಿಕ್ಸ್ ಲ್ಯಾಬಿನಲ್ಲಿ, ಅದನ್ನು ಜಾಸ್ತಿ ಬಳಸಿಕೊಂಡದ್ದು ಎಂಜಿನಿಯರುಗಳು. ಹೆಸರಿನ ಚೀಟಿ ಅಂಟಿಸುವ ಗೋಜಿಗೆ ಅವರು ಹೋಗಲಿಲ್ಲ, ನಾವೂ ಹೋಗುವುದು ಬೇಡ.

ಹುಟ್ಟಿದ್ದು 1886ರ ಮಾರ್ಚ್ 7ರಂದು, ಲಂಡನ್ನಿನಲ್ಲಿ. ಅಪ್ಪ ಚಿತ್ರ ಕಲಾವಿದ. ಅಮ್ಮ ಮಾರ್ಗರೆಟ್, ಜಾರ್ಜ್ ಬೂಲ್ ಅವರ ಮಗಳು. ಕಂಪ್ಯೂಟರಿನವರು ದಿನಾ ಬಳಸುವ ಬೂಲಿಯನ್ ಲೆಕ್ಕ ಇದೆಯಲ್ಲ, ಅದೇ ಬೂಲ್. ಅಜ್ಜಿ ಮೇರಿ, ಪರ್ವತಕ್ಕೆ ಹೆಸರಾದ ಜಾರ್ಜ್ ಎವರೆಸ್ಟ್ ಅವರ ಸಹೋದರನ ಮಗಳು. ಈ ಎವರೆಸ್ಟ್ ಮುಂದುವರಿಸಿದ ಭಾರತದ ಭೂಮಾಪನ ಸರ್ವೆ ಶುರುವಾದ ಕಾಲದಲ್ಲಿ, ಅಂದರೆ 1800ರ ಹೊತ್ತಿಗೆ, ಅದನ್ನು ಆರಂಭಿಸಿದ ಲ್ಯಾಂಬ್ಟನ್ ನಮ್ಮ ಬೆಂಗಳೂರಿನ ಹತ್ತಿರವೇ ಸರಪಳಿ ಹಾಸಿ ಬೇಸ್‌ಲೈನ್ ಅಳೆದಿದ್ದರು. ಮನೆತನದ ಮಾತು ಬಂತಲ್ಲ ಅಂತ ಹೇಳಿದೆ, ಅಷ್ಟೇ. ಚಿಕ್ಕಮ್ಮ-ದೊಡ್ಡಮ್ಮಂದಿರೂ ಕಡಿಮೆಯವರಲ್ಲ. ಒಬ್ಬರು, ಅಲಿಷಿಯಾ ಬೂಲ್, ಕಾಲೇಜಿನ ಮುಖ ನೋಡದೆ ನಾಲ್ಕು ಆಯಾಮದ ಆಕೃತಿಗಳನ್ನು ಮನಸ್ಸಿನಲ್ಲೇ ಸೀಳಿ, ಸೀಳಿದ ಭಾಗಗಳನ್ನು ರಟ್ಟಿನಲ್ಲಿ ಮಾಡಿ ತೋರಿಸುತ್ತಿದ್ದರು.

ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಸೇರಿದ್ದು 1905ರಲ್ಲಿ. ಗಣಿತದ ಟ್ರೈಪಾಸ್ ಪರೀಕ್ಷೆಯಲ್ಲಿ ಅವರಿಗೆ ಬಂದದ್ದು 22ನೇ ರ‍್ಯಾಂಕ್. ಮೊದಲಲ್ಲ, ಎರಡಲ್ಲ, 22. ನಮ್ಮ ಕಡೆ ಈ ರ‍್ಯಾಂಕಿಗೆ ಪೇಪರಿನಲ್ಲಿ ಫೋಟೋನೂ ಬರುವುದಿಲ್ಲ. ಆಮೇಲೆ ಫಿಸಿಕ್ಸ್ ಕಡೆ ಹೊರಳಿ ಫಸ್ಟ್ ಕ್ಲಾಸ್ ತೆಗೆದರು.

ಮೊದಲ ಕೆಲಸಕ್ಕೂ ಫ್ಲೂಯಿಡ್‌ಗೂ ಸಂಬಂಧವೇ ಇಲ್ಲ. ಜೆ. ಜೆ. ಥಾಮ್ಸನ್ ಒಂದು ಪ್ರಶ್ನೆ ಎತ್ತಿದ್ದರು. ಬೆಳಕನ್ನು ತೀರಾ ಮಂದ ಮಾಡಿದರೆ ಅದು ಮೂಡಿಸುವ ಬೆಳಕು-ನೆರಳಿನ ಪಟ್ಟೆಗಳು ಕೆಡುತ್ತವೆಯೇ ಅಂತ. ಟೇಲರ್ ಒಂದು ಗ್ಯಾಸ್ ದೀಪ, ಮಸಿ ಹಿಡಿಸಿದ ಗಾಜುಗಳು, ಒಂದು ಸೂಜಿ, ಒಂದು ಫೋಟೋ ಪ್ಲೇಟ್ ತಂದು ಅಪ್ಪ ಅಮ್ಮನ ಮನೆಯಲ್ಲೇ ಜೋಡಿಸಿದರು. ಅತಿ ಮಂದ ಬೆಳಕಿಗೆ ಸುಮಾರು 2000 ಗಂಟೆ, ಅಂದರೆ ಮೂರು ತಿಂಗಳ ಹತ್ತಿರ ಎಕ್ಸ್‌ಪೋಶರ್ ಬೇಕಾಯಿತು. ಪ್ಲೇಟಿನ ಕೆಲಸ ಪ್ಲೇಟು ಮಾಡುತ್ತಿರಲಿ ಅಂತ ಇವರು ಹಾಯಿದೋಣಿ ಹತ್ತಿ ಹೊರಟರು ಅನ್ನುವ ಮಾತಿದೆ. ಪಟ್ಟೆಗಳಂತೂ ಕೆಡಲಿಲ್ಲ. ಇವತ್ತು ಕ್ವಾಂಟಂ ಪಾಠದಲ್ಲಿ ಈ 1909ರ ಪ್ರಯೋಗವನ್ನು ಹೊಗಳುತ್ತಾರೆ. ಅವರು ಮಾತ್ರ ಆ ದಾರಿಗೆ ಮತ್ತೆ ಹೋಗಲಿಲ್ಲ. ಮುಂದಿನ ವರ್ಷವೇ ಶಾಕ್ ವೇವ್ (ಒತ್ತಡ ಥಟ್ಟನೆ ಏರುವ ಅಲೆ) ಒಳಗಿನ ರಚನೆಯ ಮೇಲೆ ಬರೆದು ಕೇಂಬ್ರಿಜ್‌ನ ಸ್ಮಿತ್ಸ್ ಪ್ರೈಜ್ ತಗೊಂಡರು.

ಇಲ್ಲಿಂದ ನಿಮಗೆ ಬೇಕಾದ ಭಾಗ. 1912ರಲ್ಲಿ ಟೈಟಾನಿಕ್ ಮುಳುಗಿತು. ಹಿಮಗಡ್ಡೆ ಕಾಯಲು 1913ರಲ್ಲಿ ಸ್ಕೋಷಿಯಾ ಅನ್ನುವ ಹಡಗನ್ನು ಉತ್ತರ ಅಟ್ಲಾಂಟಿಕ್‌ಗೆ ಕಳಿಸಿದರು, ಅದರಲ್ಲಿ ಹವಾಮಾನ ನೋಡುವವರಾಗಿ ಟೇಲರ್ ಹೋದರು. ನ್ಯೂಫೌಂಡ್‌ಲ್ಯಾಂಡ್ ಹತ್ತಿರ ಹಡಗಿನಿಂದ ಗಾಳಿಪಟ ಬಿಡುವುದು, ಅದಕ್ಕೆ ಕಟ್ಟಿದ ಉಪಕರಣದಿಂದ ಎತ್ತರ ಹೋದ ಹಾಗೆ ಉಷ್ಣತೆ, ತೇವ ಎಷ್ಟೆಷ್ಟು ಅಂತ ತಿಳಿಯುವುದು. ನೆಲದ ಮೇಲೆ ಬೆಚ್ಚಗಾದ ಗಾಳಿ ತಣ್ಣನೆ ಸಮುದ್ರದ ಮೇಲೆ ಬಂದಾಗ ಕೆಳಗಿನಿಂದ ಒಂದು ತಂಪಿನ ಪದರ ಬೆಳೆಯುತ್ತದೆ. ಆ ಪದರ ಎಷ್ಟು ಹೊತ್ತಿನಲ್ಲಿ ಎಷ್ಟು ಎತ್ತರ ಬೆಳೆಯಿತು ಅಂತ ಗೊತ್ತಾದರೆ, ಗಾಳಿಯ ಸುಳಿಗಳು ಶಾಖವನ್ನು ಎಷ್ಟು ಜೋರಾಗಿ ಮೇಲೆ ಕೆಳಗೆ ಕಲಕುತ್ತಿವೆ ಅಂತ ಲೆಕ್ಕ ಹಾಕಬಹುದು. ಅವರ ಟರ್ಬುಲೆನ್ಸ್ ಕೆಲಸ ಮೊದಲಾದದ್ದು ಹೀಗೆ. ಕೇಂಬ್ರಿಜ್‌ನ 1915ರ ಆಡಮ್ಸ್ ಪ್ರೈಜ್ ಇದಕ್ಕೇ ಬಂತು.

ಅಷ್ಟರಲ್ಲಿ ಯುದ್ಧ. ಫಾರ್ನ್‌ಬರೋದ ವಿಮಾನ ಕಾರ್ಖಾನೆಗೆ ಹೋದರು, ವಿಮಾನ ಹಾರಿಸಲು ಕಲಿತು ರೆಕ್ಕೆಯ ಮೇಲಿನ ಒತ್ತಡವನ್ನು ಹಾರುವಾಗಲೇ ಅಳೆದರು. ಅಲ್ಲಿಯದೊಂದು ತಮಾಷೆ ಪ್ರಸಂಗ ಅವರೇ ಹೇಳುತ್ತಿದ್ದರು. ವಿಮಾನದಿಂದ ಉಕ್ಕಿನ ಬಾಣಗಳನ್ನು ಉದುರಿಸುವ ಪರೀಕ್ಷೆ ನಡೆದಿತ್ತು. ಬಿದ್ದ ಬಾಣಗಳು ಫೋಟೋದಲ್ಲಿ ಕಾಣಲಿ ಅಂತ ಒಂದೊಂದು ಬಾಣಕ್ಕೂ ಒಂದೊಂದು ಕಾಗದದ ಚೂರು ಸಿಕ್ಕಿಸುತ್ತಾ ಹೋದರು. ಆ ಹೊತ್ತಿಗೆ ಕುದುರೆ ಮೇಲೆ ಬಂದ ಸೇನೆಯ ಅಧಿಕಾರಿ ನೋಡುತ್ತಾನೆ, ಮೈದಾನದ ತುಂಬಾ ಕಾಗದ, ಪ್ರತಿ ಕಾಗದದ ನಡುವೆ ಒಂದು ಬಾಣ! ಮೇಲಿನಿಂದ ಇಷ್ಟು ಗುರಿಯಿಟ್ಟು ಹೊಡೆಯಬಹುದು ಅಂತ ಕಣ್ಣಾರೆ ಕಾಣದಿದ್ದರೆ ನಂಬುತ್ತಿರಲಿಲ್ಲ ಅಂದನಂತೆ.

ಸಾಲಿಡ್ ಕಡೆಗೆ ಅವರನ್ನು ಎಳೆದದ್ದೂ ಫಾರ್ನ್‌ಬರೋನೇ. ಅದನ್ನು ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿದ್ದಾರೆ. ಕಮ್ಮಾರಸಾಲೆ ಅವರೇ, ಎಲ್ಲಿದ್ದೀರಿ?

ಕಮ್ಮಾರಸಾಲೆ:

ಕರೆದಿರಿ ಮೇಷ್ಟ್ರೇ, ಬಂದೆ. ನಾನು ಗಣಿತದವನಲ್ಲ, ಲೋಹದ ಕಾರ್ಖಾನೆಯಲ್ಲಿ ಕೆಲಸ.

ವಿಮಾನದ ಪ್ರೊಪೆಲ್ಲರ್ ಶಾಫ್ಟನ್ನು ತಿರುಚಿದಾಗ ಒಳಗೆ ಸ್ಟ್ರೆಸ್ (ಲೋಹದೊಳಗಿನ ಬಿಗಿತ) ಎಲ್ಲಿ ಎಷ್ಟು? ಶಾಫ್ಟ್ ದುಂಡಗಿದ್ದರೆ ಲೆಕ್ಕ ಸುಲಭ. ಕೀ (ಜಾರದಂತೆ ಹಿಡಿಯುವ ಬೆಣೆ) ಕೂರಿಸಲು ಒಂದು ತೋಡು ಕೊರೆದರೆ ಮುಗಿಯಿತು, ಆ ಮೂಲೆಯಲ್ಲಿ ಏನಾಗುತ್ತದೆ ಅಂತ ಆಗಿನ ಕಾಲದಲ್ಲಿ ಕೈಲೆಕ್ಕದಲ್ಲಿ ಹಿಡಿಯುವುದು ಭಾರಿ ಕಷ್ಟ. 1917ರ ಹೊತ್ತಿಗೆ ಟೇಲರ್ ಮತ್ತು ಎ. ಎ. ಗ್ರಿಫಿತ್ ಮಾಡಿದ್ದು ಇಷ್ಟು: ಒಂದು ತಗಡಿನಲ್ಲಿ ಶಾಫ್ಟಿನ ಅಡ್ಡಕೊಯ್ತದ ಆಕಾರದ ತೂತು ಕೊರೆದರು, ಪಕ್ಕದಲ್ಲೇ ಹೋಲಿಸಲು ಒಂದು ದುಂಡನೆ ತೂತು. ಎರಡಕ್ಕೂ ಸೋಪಿನ ನೀರಿನ ಪೊರೆ ಕಟ್ಟಿ, ಕೆಳಗಿನಿಂದ ಸ್ವಲ್ಪ ಗಾಳಿಯ ಒತ್ತಡ ಕೊಟ್ಟು ಉಬ್ಬಿಸಿದರು. ಉಬ್ಬಿದ ಪೊರೆ ಎಲ್ಲಿ ಕಡಿದಾಗಿದೆಯೋ ಶಾಫ್ಟಿನ ಅದೇ ಜಾಗದಲ್ಲಿ ಸ್ಟ್ರೆಸ್ ಜಾಸ್ತಿ. ಪೊರೆಯ ಇಳಿಜಾರನ್ನು ಬೆಳಕಿನ ಪ್ರತಿಫಲನದಿಂದ ಅಳೆದರು. ಈ ಹೋಲಿಕೆ ಮೊದಲು ಹೊಳೆದದ್ದು ಜರ್ಮನಿಯ ಪ್ರಾಂಟ್ಲ್‌ಗೆ, 1903ರಲ್ಲಿ. ಅದನ್ನು ವರ್ಕ್‌ಶಾಪಿಗೆ ಆಗಿಬರುವ ಸಾಧನ ಮಾಡಿದ್ದು ಇವರಿಬ್ಬರು.

ಸುಳಿಗಾಳಿಯವರೇ, ನಿಮ್ಮ ಎರಡು ದೋಣಿಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ತಿರುಚಿದ ಕಂಬಿ, ಉಬ್ಬಿದ ಸೋಪಿನ ಪೊರೆ, ಅದೇ ಆಕಾರದ ಕೊಳವೆಯಲ್ಲಿ ನಿಧಾನಕ್ಕೆ ಹರಿಯುವ ಎಣ್ಣೆ, ಮೂರಕ್ಕೂ ಒಂದೇ ಪುವಾಸಾನ್ ಸಮೀಕರಣ. ಅಂಚಿನಲ್ಲಿ ಸೊನ್ನೆ, ಬಲಗಡೆ ಒಂದು ಸ್ಥಿರಾಂಕ. ಗಣಿತ ಕಲಿತವರಿಗೆ ಇದು ಫ್ಲೂಯಿಡ್, ಇದು ಸಾಲಿಡ್ ಅನ್ನುವ ಗೋಡೆ ಇಲ್ಲಿ ಕಾಣುವುದೇ ಇಲ್ಲ. ಗೋಡೆ ಕಟ್ಟಿದ್ದು ಡಿಪಾರ್ಟ್‌ಮೆಂಟುಗಳು.

ಮೂಲೆಗಳಲ್ಲಿ ಸ್ಟ್ರೆಸ್ ಏರುವುದನ್ನು ಕಂಡ ಗ್ರಿಫಿತ್ ಮುಂದೆ ಬಿರುಕುಗಳ ಹಿಂದೆ ಬಿದ್ದು 1921ರಲ್ಲಿ ಆ ಹೆಸರಾಂತ ಪೇಪರ್ ಪ್ರಕಟಿಸಿದರು. ಅದನ್ನು ರಾಯಲ್ ಸೊಸೈಟಿಗೆ ಸಲ್ಲಿಸಿದವರು ಟೇಲರ್.

ಯುದ್ಧ ಮುಗಿದ ಮೇಲೆ ಟೇಲರ್ ಕೇಂಬ್ರಿಜ್‌ಗೆ ಮರಳಿದರು. 1923ರಲ್ಲಿ ಕಾನ್‌ಸ್ಟನ್ಸ್ ಎಲಾಮ್ ಜೊತೆ ಅಲ್ಯೂಮಿನಿಯಂ ಸ್ಫಟಿಕದ ಕೆಲಸ. ಈ ಹೆಂಗಸಿನ ಹೆಸರು ಪಠ್ಯಪುಸ್ತಕಗಳಲ್ಲಿ ಬರುವುದೇ ಕಡಿಮೆ, ಅದು ಅನ್ಯಾಯ. ಇಡೀ ತುಂಡು ಒಂದೇ ಸ್ಫಟಿಕವಾಗಿರುವ ಅಲ್ಯೂಮಿನಿಯಂ ಮಾಡುವುದು ಆಗ ಸುಲಭವಲ್ಲ. ಸ್ವಲ್ಪ ಎಳೆಯಬೇಕು, ಹದವಾಗಿ ಕಾಯಿಸಬೇಕು. ಆ ವಿದ್ಯೆ ಆಕೆಯ ಕೈಯಲ್ಲಿತ್ತು. ಆ ತುಂಡಿನ ಮೈಮೇಲೆ ಗೆರೆ ಗೀರಿ, ಎಳೆಯುತ್ತಾ ಗೆರೆಗಳ ಕೋನ ಅಳೆದು, ಎಕ್ಸ್-ರೇಯಿಂದ ಅಣುಗಳ ಸಾಲು ಎತ್ತ ಇದೆ ಅಂತ ನೋಡಿ, ಲೋಹ ಯಾವ ಸಮತಲದ ಮೇಲೆ ಯಾವ ದಿಕ್ಕಿಗೆ ಜಾರುತ್ತದೆ ಅಂತ ಇಬ್ಬರೂ ಸೇರಿ ತೋರಿಸಿದರು. ಆಕೆಯೇ ಮದುವೆಯಾದ ಮೇಲೆ ಕಾನ್‌ಸ್ಟನ್ಸ್ ಟಿಪ್ಪರ್. ಎರಡನೇ ಯುದ್ಧದಲ್ಲಿ ಲಿಬರ್ಟಿ ಹಡಗುಗಳು ಎರಡು ಹೋಳಾಗುತ್ತಿದ್ದವಲ್ಲ, ಬರೀ ವೆಲ್ಡಿಂಗನ್ನು ಬೈದು ಪ್ರಯೋಜನವಿಲ್ಲ, ಚಳಿಗೆ ಆ ಉಕ್ಕೇ ಗಾಜಿನಂತೆ ಪೆಡಸಾಗುತ್ತದೆ ಅಂತ ತೋರಿಸಿದವರು.

ಈಗ ಒಗಟು. ಅಣುಗಳ ಒಂದು ಸಾಲು ಇನ್ನೊಂದರ ಮೇಲೆ ಇಡಿಯಾಗಿ ಜಾರಬೇಕಾದರೆ ಎಷ್ಟು ಬಲ ಬೇಕು? 1926ರಲ್ಲಿ ಫ್ರೆಂಕೆಲ್ ಲೆಕ್ಕ ಹಾಕಿದ್ದರು. ನಿಜವಾದ ಮೆತ್ತನೆ ಸ್ಫಟಿಕ ಅದರ ಸಾವಿರದಲ್ಲೊಂದು ಭಾಗಕ್ಕೇ ಬಾಗಿಬಿಡುತ್ತದೆ. 1934ರಲ್ಲಿ ಟೇಲರ್, ಓರೋವಾನ್, ಪೊಲಾನ್ಯಿ ಮೂವರೂ ಬೇರೆ ಬೇರೆಯಾಗಿ ಒಂದೇ ಉತ್ತರಕ್ಕೆ ಬಂದರು. ಸಾಲು ಇಡಿಯಾಗಿ ಜಾರುವುದಿಲ್ಲ, ಒಂದು ದೋಷದ ಗೆರೆ ಮಾತ್ರ ಮುಂದೆ ಸರಿಯುತ್ತಾ ಹೋಗುತ್ತದೆ. ದೊಡ್ಡ ಜಮಖಾನವನ್ನು ಇಡಿಯಾಗಿ ಎಳೆಯುವ ಬದಲು ಒಂದು ಸುಕ್ಕು ಮಾಡಿ ಅದನ್ನೇ ಆ ತುದಿವರೆಗೆ ತಳ್ಳಿದ ಹಾಗೆ. ಇದೇ ಡಿಸ್‌ಲೊಕೇಶನ್. ಕಣ್ಣಿಗೆ ಕಂಡದ್ದು 1956ರಲ್ಲಿ, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ, ಅದೂ ಟೇಲರ್ ಕೆಲಸ ಮಾಡುತ್ತಿದ್ದ ಕೇಂಬ್ರಿಜ್‌ನ ಕ್ಯಾವೆಂಡಿಶ್ ಲ್ಯಾಬಿನಲ್ಲಿ.

ಇನ್ನೊಂದು ಸ್ವಾರಸ್ಯ. ಡಿಸ್‌ಲೊಕೇಶನ್ ಸುತ್ತ ಒಂದು ಸುತ್ತು ಹಾಕಿದರೆ ಉಳಿಯುವ ಅಂತರ, ಸುಳಿಯ ಸುತ್ತ ಒಂದು ಸುತ್ತು ಹಾಕಿದರೆ ಸಿಗುವ ಸರ್ಕ್ಯುಲೇಶನ್ (ಸುತ್ತುವ ಹರಿವಿನ ಅಳತೆ), ಗಣಿತದಲ್ಲಿ ಇವೆರಡೂ ಒಂದೇ ಜಾತಿ. ಮೊದಲಿನದಕ್ಕೆ ಬರ್ಗರ್ಸ್ ವೆಕ್ಟರ್ ಅಂತ ಹೆಸರು. ಟರ್ಬುಲೆನ್ಸ್ ಓದುವವರಿಗೆ ಬರ್ಗರ್ಸ್ ಸಮೀಕರಣ ಗೊತ್ತು. ಅದೂ ಇದೂ ಒಬ್ಬರೇ, ಹಾಲೆಂಡಿನ ಯಾನ್ ಬರ್ಗರ್ಸ್, ಅವರ ಸಂಬಳ ಬರುತ್ತಿದ್ದದ್ದು ಫ್ಲೂಯಿಡ್ ಪ್ರೊಫೆಸರ್ ಅಂತ. ಮುಂದಿನ ಸಲ ದೋಣಿಯ ಮಾತಾಡುವವರಿಗೆ ಈ ಹೆಸರೂ ಹೇಳಿ.

ಸುಳಿಗಾಳಿ:

ಅಬ್ಬಾ! ಪುವಾಸಾನ್ ಸಮೀಕರಣವನ್ನು ಪರೀಕ್ಷೆಗೆ ಬಿಡಿಸಿದ್ದೇನೆ, ಅದರ ಹಿಂದೆ ಸೋಪಿನ ಪೊರೆ ಇದೆ ಅಂತ ಯಾರೂ ಹೇಳಿರಲಿಲ್ಲ. ಥ್ಯಾಂಕ್ಸ್ ಸರ್, ಇಬ್ಬರಿಗೂ. ಒಂದು ಅನುಮಾನ. ಟೇಲರ್ ಅವರ ಗಣಿತ ತುಂಬಾ ಸರಳ, ಬರೀ ಐಡಿಯಾ ದೊಡ್ಡದು ಅಂತ ಹೇಳುತ್ತಾರಲ್ಲ, ಹೌದಾ? ಮತ್ತೆ ಬಾಂಬಿನ ಕತೆ?

ಲೆಕ್ಕದಪುಟ:

ಬಾಂಬಿನ ಕತೆ ನಾನು ಹೇಳುತ್ತೇನೆ. ಅರ್ಧ ನಿಜ, ಅರ್ಧ ಮಸಾಲೆ.

ನಿಜ ಏನೆಂದರೆ, 1941ರಲ್ಲೇ ಬ್ರಿಟಿಷ್ ಸರ್ಕಾರಕ್ಕಾಗಿ ಅವರು ಈ ಲೆಕ್ಕ ಮಾಡಿದ್ದರು. ತೀರಾ ಸಣ್ಣ ಜಾಗದಲ್ಲಿ ಒಮ್ಮೆಲೇ ಭಾರಿ ಶಕ್ತಿ ಬಿಡುಗಡೆಯಾದರೆ ಸ್ಫೋಟದ ಅಲೆ ಹೇಗೆ ಹರಡುತ್ತದೆ? ಹೊರಗಿನ ಗಾಳಿಯ ಒತ್ತಡ ಇದರ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ಉಳಿದದ್ದು ಶಕ್ತಿ, ಗಾಳಿಯ ಸಾಂದ್ರತೆ, ಕಾಲ, ಮೂರೇ. ಈ ಮೂರರಿಂದ ಉದ್ದದ ಆಯಾಮ ಬರುವ ಹಾಗೆ ಜೋಡಿಸಲು ಒಂದೇ ದಾರಿ: ತ್ರಿಜ್ಯ ಕಾಲದ 2/5ನೇ ಘಾತದ ಪ್ರಕಾರ ಬೆಳೆಯಬೇಕು. ತಿರುಗಿಸಿ ಬರೆದರೆ, ಸಾಂದ್ರತೆಯನ್ನು ತ್ರಿಜ್ಯದ ಐದನೇ ಘಾತದಿಂದ ಗುಣಿಸಿ ಕಾಲದ ವರ್ಗದಿಂದ ಭಾಗಿಸಿದರೆ ಶಕ್ತಿ ಬರುತ್ತದೆ. ಮುಂದೆ ಒಂದು ಗುಣಕ ಇದೆ, ಅದು 1ಕ್ಕೆ ಹತ್ತಿರ. ಆ ಗುಣಕ ಎಷ್ಟು ಅಂತ ಹುಡುಕಲು ಮಾತ್ರ ಡಿಫರೆನ್ಷಿಯಲ್ ಸಮೀಕರಣಗಳನ್ನು ಹಂತ ಹಂತವಾಗಿ ಕೈಯಲ್ಲೇ ಬಿಡಿಸಬೇಕಾಯಿತು. ಆಯಾಮದ ವಿಶ್ಲೇಷಣೆ ಒಂದರಿಂದಲೇ ಎಲ್ಲ ಆಯಿತು ಅನ್ನುವವರು ಈ ಕಷ್ಟದ ಭಾಗ ಹಾರಿಸಿಬಿಡುತ್ತಾರೆ.

1945ರ ಜುಲೈ 16ರಂದು ನಡೆದ, ಟ್ರಿನಿಟಿ ಅನ್ನುವ ಹೆಸರಿನ ಮೊದಲ ಅಣುಬಾಂಬ್ ಪರೀಕ್ಷೆಯ ಬೆಂಕಿ ಉಂಡೆಯ ಫೋಟೋಗಳು 1947ರಲ್ಲಿ ಬಿಡುಗಡೆಯಾದವು, ಅಳತೆಗೋಲೂ ಸಮಯವೂ ಅದರಲ್ಲೇ ಇತ್ತು. ನೀವೇ ಹಾಕಿ ನೋಡಿ. 25 ಮಿಲಿಸೆಕೆಂಡಿನಲ್ಲಿ ತ್ರಿಜ್ಯ ಸುಮಾರು 130 ಮೀಟರ್, ಗಾಳಿಯ ಸಾಂದ್ರತೆ ಘನಮೀಟರಿಗೆ 1.25 ಕಿಲೋಗ್ರಾಂ ಅಂತ ಹಿಡಿಯಿರಿ. ಗುಣಕ 1 ಅಂದುಕೊಂಡರೂ ಸುಮಾರು 18 ಕಿಲೋಟನ್, ಅಂದರೆ 18 ಸಾವಿರ ಟನ್ ಟಿಎನ್‌ಟಿ ಸ್ಫೋಟಕಕ್ಕೆ ಸಮ ಅಂತ ಬರುತ್ತದೆ. ಟೇಲರ್ ಎಲ್ಲಾ ಫೋಟೋ ಸೇರಿಸಿ, ಸರಿಯಾದ ಗುಣಕ ಹಾಕಿ, 16,800 ಟನ್ ಟಿಎನ್‌ಟಿ ಅಂತ 1950ರಲ್ಲಿ ಪ್ರಕಟಿಸಿದರು.

ಮಸಾಲೆ ಯಾವುದು? ಹೊರಗಿನವರೊಬ್ಬರು ಮನೆಯಲ್ಲಿ ಕೂತು, ಪತ್ರಿಕೆ ತಿರುವಿ ಗುಟ್ಟು ಹಿಡಿದರು ಅನ್ನುವುದು. ಅವರು ಹೊರಗಿನವರೇ ಅಲ್ಲ. ಬಾಂಬ್ ತಯಾರಾದ ಲಾಸ್ ಅಲಮಾಸ್ ಲ್ಯಾಬಿಗೆ ಸಲಹೆಗಾರರಾಗಿ ಹೋಗಿದ್ದರು, ಟ್ರಿನಿಟಿ ಪರೀಕ್ಷೆಯನ್ನು ಅಲ್ಲೇ ನಿಂತು ನೋಡಿದ್ದರು. ಇದೇ ಲೆಕ್ಕವನ್ನು ಅಮೆರಿಕದಲ್ಲಿ ಫಾನ್ ನಾಯ್ಮನ್, ರಷ್ಯಾದಲ್ಲಿ ಸೆಡೋವ್ ಕೂಡ ಮಾಡಿದ್ದರು. ಕ್ಲಾಸಿನಲ್ಲಿ ಹೇಳಲು ಮಸಾಲೆ ಕತೆ ಚೆನ್ನ. ನನಗೆ ಮಾತ್ರ 1941ರಲ್ಲೇ, ಒಂದೂ ಬಾಂಬು ಸಿಡಿಯುವ ನಾಲ್ಕು ವರ್ಷ ಮೊದಲು, ಕಾಗದದ ಮೇಲೆ ಅಲೆ ಬರೆದಿಟ್ಟದ್ದೇ ದೊಡ್ಡದು ಅನ್ನಿಸುತ್ತದೆ.

ಹಳೇಮೇಷ್ಟ್ರು:

ಗಣಿತ ಸರಳವಾ ಅಂತ ಕೇಳಿದಿರಿ. 1923ರ ಸಿಲಿಂಡರ್ ಪೇಪರನ್ನು ಬಿಡಿಸಿ ನೋಡಿ, ಆಮೇಲೆ ಹೇಳಿ!

ಒಂದರೊಳಗೊಂದು ಎರಡು ಸಿಲಿಂಡರ್, ಮಧ್ಯದ ಸಂದಿಯಲ್ಲಿ ನೀರು. ಒಳಗಿನದನ್ನು ನಿಧಾನಕ್ಕೆ ತಿರುಗಿಸಿದರೆ ನೀರು ಸುಮ್ನೆ ಸುತ್ತುತ್ತದೆ. ವೇಗ ಒಂದು ಮಿತಿ ದಾಟಿದ ಕೂಡಲೇ, ಬಳೆ ಜೋಡಿಸಿಟ್ಟಂತೆ ಒಂದರ ಮೇಲೊಂದು ಸುಳಿ ಏಳುತ್ತವೆ, ಪಕ್ಕಪಕ್ಕದವು ವಿರುದ್ಧ ದಿಕ್ಕಿಗೆ ಹೊರಳುತ್ತಾ. ಆ ಮಿತಿ ಎಷ್ಟು? ಸ್ನಿಗ್ಧತೆಯನ್ನು (ದ್ರವದ ಅಂಟು ಗುಣ) ಬಿಟ್ಟು ರೇಲಿ ಒಂದು ನಿಯಮ ಕೊಟ್ಟಿದ್ದರು, ಅದು ಸಾಲದು. ಟೇಲರ್ ಸ್ನಿಗ್ಧತೆಯನ್ನು ಸೇರಿಸಿ, ಬೆಸೆಲ್ ಫಂಕ್ಷನ್‌ಗಳಲ್ಲಿ ಬಿಡಿಸಿ, ಕೊನೆ ಇಲ್ಲದ ಡಿಟರ್ಮಿನೆಂಟಿನಿಂದ ಉತ್ತರ ಹಿಂಡಿ ತೆಗೆದರು. ಕಂಪ್ಯೂಟರ್ ಇಲ್ಲದ ಕಾಲ. ಬೇರೆಯವರಾಗಿದ್ದರೆ ಅಲ್ಲಿಗೆ ಪೇಪರ್ ಮುಗಿಯುತ್ತಿತ್ತು. ಇವರು ಉಪಕರಣವನ್ನೂ ಕಟ್ಟಿಸಿ, ಒಳಗಿನ ಸಿಲಿಂಡರಿನ ಮೈಯಿಂದ ಬಣ್ಣದ ನೀರು ಬಿಟ್ಟು, ಸುಳಿ ಏಳುವ ವೇಗ ಅಳೆದು, ಲೆಕ್ಕದ ಗೆರೆಯ ಪಕ್ಕ ಅಳತೆಯ ಚುಕ್ಕಿ ಇಟ್ಟರು. ಎರಡೂ ಕೂಡಿದವು. ಹರಿವು ಯಾವಾಗ ಕೆಡುತ್ತದೆ ಅನ್ನುವ ಥಿಯರಿ ಪ್ರಯೋಗದ ಜೊತೆ ಅಂಕಿಗೆ ಅಂಕಿ ಹೊಂದಿದ್ದು ಆಗಲೇ ಮೊದಲು. ನಮ್ಮ ಖಗೋಳವಿಜ್ಞಾನಿ ಎಸ್. ಚಂದ್ರಶೇಖರ್ ಕೂಡ ಮುಂದೆ ಈ ಲೆಕ್ಕವನ್ನು ಕೈಗೆತ್ತಿಕೊಂಡು ಬಹಳ ದೂರ ಒಯ್ದರು.

ಸರಳ ಅನ್ನಿಸುವುದು ಯಾಕೆಂದರೆ ಬೇಕಾದಷ್ಟೇ ಗಣಿತ ಹಾಕುತ್ತಿದ್ದರು. ತೋರಿಕೆಗೆ ಒಂದು ಗೆರೆಯೂ ಜಾಸ್ತಿ ಇಲ್ಲ.

ಬಿಸಿಲುಕುದುರೆ:

ಎಲ್ಲಾ ಸರಿ, ಆದರೆ ಪಿಎಚ್.ಡಿ.ಗೆ ಹೊರಟವರಿಗೆ ಟೇಲರ್ ಉದಾಹರಣೆ ಕೊಡುವಾಗ ಸ್ವಲ್ಪ ಹುಷಾರಾಗಿರಿ ದಯವಿಟ್ಟು.

1923ರಲ್ಲಿ ಅವರಿಗೆ ರಾಯಲ್ ಸೊಸೈಟಿಯ ‘ಯಾರೋ’ (Yarrow, ಒಬ್ಬರ ಹೆಸರು) ಪ್ರೊಫೆಸರ್‌ಶಿಪ್ ಸಿಕ್ಕಿತು. ಪಾಠ ಮಾಡುವ ಹಂಗಿಲ್ಲ, ಆಡಳಿತದ ಕಿರಿಕಿರಿ ಇಲ್ಲ, ನಿವೃತ್ತಿಯವರೆಗೆ ಸಂಬಳ. ರದರ್‌ಫೋರ್ಡ್ ಅವರ ಕ್ಯಾವೆಂಡಿಶ್‌ನಲ್ಲಿ ಜಾಗ. ಏನು ಬೇಕೋ ಅದನ್ನು ಕಟ್ಟಿಕೊಡಲು ವಾಲ್ಟರ್ ಥಾಂಪ್ಸನ್ ಅನ್ನುವ ಪಳಗಿದ ಮೆಕ್ಯಾನಿಕ್, ದಶಕಗಳ ಕಾಲ. ನಮಗೆ ಯಾರು ಕೊಡುತ್ತಾರೆ? ಇಲ್ಲಿ ಮೂರನೇ ವರ್ಷಕ್ಕೆ ಎಷ್ಟು ಪೇಪರ್ ಬಂತು ಅಂತ ಕೇಳುತ್ತಾರೆ. ಸೋಪಿನ ಗುಳ್ಳೆ ಊದುತ್ತಿದ್ದೇನೆ ಅಂದರೆ ಫೆಲೋಶಿಪ್ ಗುಳ್ಳೆ ಒಡೆಯುತ್ತದೆ. ನಾನು ಕಂಡ ಡಿಪಾರ್ಟ್‌ಮೆಂಟುಗಳಲ್ಲಿ ಇರುವ ಸಮೀಕರಣಕ್ಕೆ ಇನ್ನೊಂದು ಪದ ಸೇರಿಸಿ, ಮ್ಯಾಗ್ನೆಟಿಕ್ ಫೀಲ್ಡ್ ಹಾಕಿ, ಗ್ರಾಫ್ ಎಳೆದು ಕಳಿಸುವುದೇ ನಡೆದಿದೆ. ಅದನ್ನು ಬೈಯುತ್ತಿಲ್ಲ, ಹೊಟ್ಟೆಪಾಡು.

ಇನ್ನೊಂದು ಮಾತು. ಟೇಲರ್ ತಮ್ಮ ಸುತ್ತ ಶಿಷ್ಯರ ಪಡೆ ಕಟ್ಟಲಿಲ್ಲ. ಅದನ್ನು ಕಟ್ಟಿದವರು 1945ರಲ್ಲಿ ಆಸ್ಟ್ರೇಲಿಯಾದಿಂದ ಅವರನ್ನು ಹುಡುಕಿಕೊಂಡು ಬಂದ ಜಾರ್ಜ್ ಬ್ಯಾಚಲರ್. ಸಂಶೋಧನಾ ಪತ್ರಿಕೆ ಶುರು ಮಾಡಿದರು, ಡಿಪಾರ್ಟ್‌ಮೆಂಟ್ ಕಟ್ಟಿದರು, ಟೇಲರ್ ಪೇಪರುಗಳನ್ನು ನಾಲ್ಕು ಸಂಪುಟ ಮಾಡಿ ಹೊರತಂದರು. ಬ್ಯಾಚಲರ್ ಪೂರ್ತಿ ಫ್ಲೂಯಿಡ್ ಮನುಷ್ಯ. ಒಂದೇ ದೋಣಿ, ಆದರೂ ದೊಡ್ಡವರೇ ಅಲ್ವಾ?

ಕಮ್ಮಾರಸಾಲೆ:

ಬಿಸಿಲುಕುದುರೆ ಅವರೇ, ‘ಯಾರೋ’ ಪ್ರೊಫೆಸರ್‌ಶಿಪ್ ಮಾತು ಒಪ್ಪಿದೆ. ಆದರೆ ಅದು ಸಿಗುವ ಮೊದಲೇ, ಹಡಗು, ಯುದ್ಧ ಅಂತ ಅಲೆದಾಡುತ್ತಲೇ ಅರ್ಧ ಕೆಲಸ ಆಗಿತ್ತು. ಪಾಠ ಇಲ್ಲ ಅಂತ ಆರಾಮಾಗಿ ಕೂರಲೂ ಇಲ್ಲ. ಹಾಯಿದೋಣಿಯ ಹುಚ್ಚು ಇತ್ತು, 1927ರಲ್ಲಿ ಹೆಂಡತಿ ಸ್ಟೆಫನಿ ಜೊತೆ ತಮ್ಮ ಫ್ರಾಲಿಕ್ ದೋಣಿಯಲ್ಲಿ ನಾರ್ವೆಯ ಲೊಫೋಟೆನ್ ದ್ವೀಪಗಳವರೆಗೆ ಹೋಗಿಬಂದರು. ಲಂಗರು ಎತ್ತಿ ಎತ್ತಿ ಸಾಕಾಗಿ, ಕಡಿಮೆ ತೂಕದಲ್ಲಿ ನೆಲ ಗಟ್ಟಿಯಾಗಿ ಕಚ್ಚುವ ಲಂಗರು ಬೇಕು ಅಂತ ಮರಳಿನಲ್ಲಿ ಮಾದರಿಗಳನ್ನು ಎಳೆದು ನೋಡಿ, ನೇಗಿಲ ಗುಳದ ಆಕಾರದ್ದೊಂದು ಮಾಡಿದರು. ಎಳೆದಷ್ಟೂ ಆಳಕ್ಕೆ ಇಳಿಯುತ್ತದೆ. 1933ರಲ್ಲಿ ಅದಕ್ಕೆ ಪೇಟೆಂಟ್, ಇಬ್ಬರು ಗೆಳೆಯರ ಜೊತೆ ಒಂದು ಕಂಪನಿ. ಸಿಕ್ಯೂಆರ್ ಲಂಗರು ಅಂತ ಈಗಲೂ ದೋಣಿಗಳಲ್ಲಿ ಕಾಣುತ್ತದೆ. ಅದು ಫ್ಲೂಯಿಡ್ಡೂ ಅಲ್ಲ ಸಾಲಿಡ್ಡೂ ಅಲ್ಲ, ಮಣ್ಣಿನ ಮೆಕ್ಯಾನಿಕ್ಸ್!

ಲೆಕ್ಕದಪುಟ:

ನಿವೃತ್ತಿ ಆದ ಮೇಲಿನ ಪಟ್ಟಿಯನ್ನು ಯಾರೂ ಹೇಳಲಿಲ್ಲವಲ್ಲ. ಅರವತ್ತೈದು ದಾಟಿದ ಮೇಲೆ ವೀರ್ಯಾಣು ಬಾಲ ಬಡಿದು ಹೇಗೆ ಈಜುತ್ತದೆ ಅನ್ನುವ ಲೆಕ್ಕ. 1958ರಲ್ಲಿ ಸಾಫ್‌ಮನ್ ಜೊತೆ, ತೆಳು ಸಂದಿಯಲ್ಲಿ ಗಟ್ಟಿ ಎಣ್ಣೆಯನ್ನು ನೀರಿನಿಂದ ತಳ್ಳಿದರೆ ಬೆರಳು ಬೆರಳಾಗಿ ಯಾಕೆ ನುಗ್ಗುತ್ತದೆ ಅಂತ. 1964ರಲ್ಲಿ, 78ನೇ ವಯಸ್ಸಿಗೆ, ವಿದ್ಯುತ್ ಒತ್ತಡದಲ್ಲಿ ನೀರಹನಿ ಚೂಪಾಗಿ ಆಗುವ ಶಂಕುವಿನ ಅರ್ಧಕೋನ 49.3 ಡಿಗ್ರಿ ಅಂತ. ದೊಡ್ಡ ಪ್ರೋಟೀನ್ ಅಣುಗಳನ್ನು ತೂಗುವ ಎಲೆಕ್ಟ್ರೋಸ್ಪ್ರೇ ಯಂತ್ರದ ಮೊನೆಯಲ್ಲಿ ಇವತ್ತು ಇರುವುದು ಅದೇ ಟೇಲರ್ ಕೋನ್, ಆ ವಿಧಾನಕ್ಕೆ 2002ರಲ್ಲಿ ಕೆಮಿಸ್ಟ್ರಿ ನೊಬೆಲ್ ಬಂತು. 1972ರಲ್ಲಿ ಪಾರ್ಶ್ವವಾಯು ಹೊಡೆಯುವವರೆಗೂ ಕೆಲಸ ನಿಲ್ಲಲಿಲ್ಲ. ತೀರಿಕೊಂಡದ್ದು 1975ರ ಜೂನ್‌ನಲ್ಲಿ.

ಸುಳಿಗಾಳಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಿಸಿಲುಕುದುರೆ ಅವರ ಮಾತು ಚುಚ್ಚಿತು, ಆದರೆ ಬೇಕಿತ್ತು. ಅರ್ಜಿಯಲ್ಲಿ ಫ್ಲೂಯಿಡ್ ಅಂತಲೇ ಬರೆಯುತ್ತೇನೆ, ಎಲಾಸ್ಟಿಸಿಟಿ ಕೋರ್ಸನ್ನು ಮಾತ್ರ ಬಿಡುವುದಿಲ್ಲ. ನನ್ನ ಮಟ್ಟಕ್ಕೆ ಅವರ ಯಾವ ಪೇಪರಿನಿಂದ ಶುರು ಮಾಡಬಹುದು? ಸಿಲಿಂಡರ್ ಪೇಪರ್ ನೋಡಿದೆ, ಬೆಸೆಲ್ ಫಂಕ್ಷನ್ ನೋಡಿಯೇ ಎದೆ ಝಲ್ ಅಂತು.

ಹಳೇಮೇಷ್ಟ್ರು:

1953ರದ್ದು ತಗೊಳ್ಳಿ. ಸಪೂರ ಕೊಳವೆಯಲ್ಲಿ ನೀರು ನಿಧಾನಕ್ಕೆ ಹರಿಯುವಾಗ ಅದರಲ್ಲಿ ಕರಗಿದ ವಸ್ತು ಹೇಗೆ ಹರಡುತ್ತದೆ ಅಂತ. ನಿಮಗೆ ಪುವಾಸೇ ಹರಿವು (ಕೊಳವೆಯೊಳಗಿನ ನಿಧಾನ ಹರಿವು), ಡಿಫ್ಯೂಶನ್ (ಅಣುಗಳು ತಾವಾಗಿಯೇ ಹರಡುವುದು) ಸಮೀಕರಣ ಗೊತ್ತಿದ್ದರೆ ಸಾಕು. ಗಾಜಿನ ಕೊಳವೆಯಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ಬಿಟ್ಟು ಬಣ್ಣ ಹೋಲಿಸಿ ಅಳೆದಿದ್ದಾರೆ. ಕೊಳವೆಯ ನಡುವಿನ ನೀರು ಸರಾಸರಿಯ ಎರಡರಷ್ಟು ವೇಗದಲ್ಲಿ ಓಡುತ್ತದೆ, ಆದರೂ ಬಣ್ಣದ ಪಟ್ಟಿ ಸರಾಸರಿ ವೇಗದಲ್ಲೇ ಹೋಗುತ್ತದೆ. ಅಣುಗಳ ಡಿಫ್ಯೂಶನ್ ಕಡಿಮೆಯಾದಷ್ಟೂ ಪಟ್ಟಿ ಜಾಸ್ತಿ ಅಗಲವಾಗುತ್ತದೆ. ಇದು ಯಾಕೆ ಅಂತ ಪೇಪರ್ ತೆರೆಯುವ ಮೊದಲು ಒಂದು ದಿನ ನೀವೇ ಯೋಚಿಸಿ. ಕೊನೆಯ ಸೂತ್ರದಲ್ಲಿ ಛೇದದಲ್ಲಿ 48 ಬರುತ್ತದೆ, ಅದನ್ನು ಕೈಯಾರೆ ತೆಗೆಯಿರಿ. ಸಿಕ್ಕಿಹಾಕಿಕೊಂಡರೆ ಇಲ್ಲೇ ಬರೆಯಿರಿ, ಭಾನುವಾರ ಬಿಡುವಾಗಿರುತ್ತೇನೆ.